ಗುರುತು ಹಾಕುವ ಭಾಷೆ: ಜಾಲಪುಟಗಳು ಒಂದು ನಿಯಮಕ್ಕೆ ಬಂದ ಕಥೆ



ನಮ್ಮ ಅಕ್ಕಲಕೋಟೆ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇರುವುದು ತಮಗೆಲ್ಲ ಗೊತ್ತು. ಹೊಲದ ಕಾಗದ, ಸಾಲದ ಚೀಟಿ, ಅಜ್ಜ ಮುತ್ತಜ್ಜರ ಪತ್ರಗಳು ಅದರಲ್ಲಿರುತ್ತವೆ. ತೆಗೆದು ನೋಡಿದರೆ ಶಿಕ್ಕಾ ಇದೆ, ಸಹಿ ಇದೆ, ಮಸಿಯೂ ಮಾಸಿಲ್ಲ. ಆದರೆ ಓದಲು ಬರುವುದಿಲ್ಲ. ಏಕೆಂದರೆ ಅದು ಮೋಡಿ ಲಿಪಿ. ಮರಾಠಿಯನ್ನು ಒಂದು ಕಾಲಕ್ಕೆ ಆ ಲಿಪಿಯಲ್ಲಿಯೇ ಬರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಶಾಲೆಗಳಲ್ಲಿ ಬಾಳಬೋಧವೇ ಉಳಿದು ಮೋಡಿ ಹಿಂದೆ ಸರಿಯಿತು. ಕಾಗದ ಉಳಿಯಿತು, ಓದುವವರು ಉಳಿಯಲಿಲ್ಲ. ಇಂದು ಅಂಥ ಕಾಗದ ಓದಿಸಬೇಕಾದರೆ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು.

ಇದು ಹಳೆಯ ಕಾಲದ ಮಾತು ಎಂದು ನಾನೂ ತಿಳಿದಿದ್ದೆ. ಆದರೆ ಕಂಪ್ಯೂಟರಿನ ಕಾಲದಲ್ಲಿ, ಅದೂ ಇಪ್ಪತ್ತೇ ವರ್ಷದೊಳಗೆ, ಇದೇ ಸಂಗತಿ ನಮ್ಮ ಕಣ್ಣ ಮುಂದೆ ನಡೆಯಿತು. ನಮ್ಮ ತಾಲೂಕಿನ ಒಂದು ಚಿಕ್ಕ ಕನ್ನಡ ಸಂಘದವರು ಹಿಂದೆ ಊರೂರು ತಿರುಗಿ ಹಿರಿಯ ಹೆಣ್ಣುಮಕ್ಕಳಿಂದ ಬೀಸುವ ಕಲ್ಲಿನ ಪದಗಳನ್ನು ಹೇಳಿಸಿ ಬರೆದುಕೊಂಡಿದ್ದರು. ಅವನ್ನು ಜಾಲತಾಣಕ್ಕೆಂದು ಟೈಪು ಮಾಡಿಸಿ ಒಂದು ಸಿ.ಡಿ.ಯಲ್ಲಿ ಇಟ್ಟಿದ್ದರು. ಹೋದ ವರ್ಷ ಆ ಸಿ.ಡಿ. ತೆರೆದು ನೋಡಿದರೆ ಕನ್ನಡವೇ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಕು ಗೆರೆಗಳ ರಾಶಿ. ಪದ ಹೇಳಿದ ಅಜ್ಜಿಯರಲ್ಲಿ ಬಹಳ ಮಂದಿ ಈಗ ಇಲ್ಲ. ಕೈಬರಹದ ವಹಿಗಳೂ ಮಳೆಗೆ ತೊಯ್ದು ಹೋಗಿವೆ.

ಸಂಘದವರು ನನ್ನಲ್ಲಿಗೆ ಬಂದರು. ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಕಾರಕೂನನಾಗಿ ದುಡಿದು ನಿವೃತ್ತನಾದವನು. ಲೆಡ್ಜರ್ ಬರೆದು ಬೆರಳು ಸವೆಸಿದವನೇ ಹೊರತು ಕಂಪ್ಯೂಟರ್ ಪಂಡಿತನಲ್ಲ. ಅವರ ಪ್ರಶ್ನೆ ಮಾತ್ರ ಸರಳವಾಗಿತ್ತು: “ಈ ಸಲ ಯಾವ ಪದ್ಧತಿಯಲ್ಲಿ ಪುಟ ಕಟ್ಟಿಸಿದರೆ ನಮ್ಮ ಮೊಮ್ಮಕ್ಕಳಿಗೂ ಓದಲು ಸಿಗುತ್ತದೆ?” ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ನನಗೆ ಒಂದು ದೊಡ್ಡ ಇತಿಹಾಸವೇ ತೆರೆದುಕೊಂಡಿತು. ಪುಣೆಯಲ್ಲಿ ಜಾಲತಾಣ ಕಟ್ಟುವ ಕೆಲಸದಲ್ಲಿರುವ ನನ್ನ ತಂಗಿಯ ಮಗ ನನಗೆ ಗುರುವಾದ. ಅವನಿಂದ ಕಲಿತದ್ದನ್ನು, ಆಮೇಲೆ ನಾನೇ ಓದಿ ತಿಳಿದದ್ದನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲು ‘ಮಾರ್ಕಪ್’ ಎಂದರೇನು ನೋಡೋಣ. ಛಾಪಖಾನೆಗೆ ಲಗ್ನಪತ್ರಿಕೆ ಕೊಡುವಾಗ ನಾವು ಹಸ್ತಪ್ರತಿಯ ಅಂಚಿನಲ್ಲಿ ಗುರುತು ಹಾಕುತ್ತೇವಲ್ಲ, ‘ಇದು ದಪ್ಪಕ್ಷರ’, ‘ಇದು ನಡುವೆ ಬರಲಿ’, ‘ಇಲ್ಲಿ ಹೊಸ ಸಾಲು’ ಎಂದು, ಅದೇ ಮಾರ್ಕಪ್. ಆ ಗುರುತು ಅಚ್ಚಿಗೆ ಬರುವುದಿಲ್ಲ, ಅಚ್ಚು ಜೋಡಿಸುವವನಿಗೆ ದಾರಿ ತೋರಿಸುತ್ತದೆ. ಜಾಲಪುಟದಲ್ಲಿಯೂ ಹೀಗೆಯೇ. ಮಾತಿನ ಹಿಂದೆ ಮುಂದೆ ಚೂಪು ಆವರಣದೊಳಗೆ ಗುರುತು ಇರುತ್ತದೆ. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಪುಟವನ್ನು ತೋರಿಸುವ ಬ್ರೌಸರ್ ಎಂಬ ತಂತ್ರಾಂಶ ಆ ಗುರುತನ್ನು ಓದಿ, ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ ಎಂದು ತಿಳಿದು ನಮಗೆ ತೋರಿಸುತ್ತದೆ.

ಈ ವಿದ್ಯೆಯ ಮೂಲ 1969ಕ್ಕೆ ಹೋಗುತ್ತದೆ. ಅಮೆರಿಕದ ಐಬಿಎಂ ಕಂಪನಿಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ಕಾನೂನು ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಇಡುವ ಕೆಲಸದಲ್ಲಿದ್ದಾಗ ಒಂದು ಗುರುತಿನ ಭಾಷೆ ಮಾಡಿದರು. ಅದರ ಹೆಸರು ಜಿಎಂಎಲ್. ಆ ಮೂರು ಅಕ್ಷರ ಮೂವರ ಅಡ್ಡಹೆಸರುಗಳ ಮೊದಲ ಅಕ್ಷರವೂ ಹೌದು. ‘ಹೇಗೆ ಕಾಣಬೇಕು’ ಎನ್ನುವುದಕ್ಕಿಂತ ‘ಇದು ಏನು’ ಎಂದು ಗುರುತಿಸಬೇಕು ಎಂಬುದು ಅವರ ವಿಚಾರ. ಇದೇ ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಆದರೆ ಅದು ಬಹಳ ತೊಡಕಿನದು, ದೊಡ್ಡ ಸಂಸ್ಥೆಗಳಿಗಷ್ಟೇ ಒಗ್ಗುವಂಥದು.

ಅದನ್ನು ಹಗುರ ಮಾಡಿ ಸಾಮಾನ್ಯರ ಕೈಗೆ ಕೊಟ್ಟವರು ಇಂಗ್ಲೆಂಡಿನ ಟಿಮ್ ಬರ್ನರ್ಸ್-ಲೀ. ಅವರು ಜಿನೀವಾ ಊರಿನ ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾಲಯದಲ್ಲಿದ್ದರು. ಅಲ್ಲಿ ಹಲವು ದೇಶದ ವಿಜ್ಞಾನಿಗಳು, ಹಲವು ಬಗೆಯ ಕಂಪ್ಯೂಟರುಗಳು. ಒಬ್ಬರ ಕಾಗದ ಇನ್ನೊಬ್ಬರಿಗೆ ತೆರೆಯುತ್ತಿರಲಿಲ್ಲ. 1989ರ ಮಾರ್ಚ್‌ನಲ್ಲಿ ಅವರು ಇದಕ್ಕೊಂದು ಉಪಾಯ ಬರೆದು ಮೇಲಧಿಕಾರಿಗೆ ಕೊಟ್ಟರು. ‘ಅಸ್ಪಷ್ಟ, ಆದರೂ ಉತ್ಸಾಹ ಹುಟ್ಟಿಸುವಂಥದು’ ಎಂಬ ಅರ್ಥದ ಷರಾ ಅದರ ಮೇಲೆ ಬಿತ್ತು. ಹೀಗೆ ಷರಾ ಬರೆದು ಕಾಗದವನ್ನು ತಳ್ಳಿಹಾಕದೆ ಮುಂದಕ್ಕೆ ಬಿಟ್ಟ ಸಾಹೇಬರಿಂದಲೇ ಲೋಕದಲ್ಲಿ ದೊಡ್ಡ ಕೆಲಸಗಳಾಗುತ್ತವೆ ಎಂದು ಕಚೇರಿಯಲ್ಲಿ ದುಡಿದ ನನಗೆ ಅನ್ನಿಸುತ್ತದೆ. 1990ರ ಕೊನೆಗೆ ಮೊದಲ ಬ್ರೌಸರ್ ಸಿದ್ಧವಾಯಿತು. ಅದರಲ್ಲಿ ಬಳಸಿದ ಗುರುತಿನ ಭಾಷೆಯೇ ಎಚ್‌ಟಿಎಂಎಲ್. 1991ರಲ್ಲಿ ಅದರ ಮೊದಲ ವಿವರಣೆ ಹೊರಬಂದಾಗ ಇದ್ದದ್ದು ಸುಮಾರು ಹದಿನೆಂಟು ಗುರುತುಗಳು ಮಾತ್ರ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಇದನ್ನು ಯಾರೂ ಹಣ ಕೊಡದೆ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಊರ ಬಾವಿಯನ್ನು ಊರಿಗೇ ಬಿಟ್ಟುಕೊಟ್ಟಂತೆ ಆಯಿತು.

ಬಾವಿ ಎಲ್ಲರದಾದರೂ ಹಗ್ಗ ಕೊಡದ ಜಗಳ ತಪ್ಪಲಿಲ್ಲ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್, ಎರಿಕ್ ಬೀನಾ ಎಂಬ ತರುಣರು ಮೊಸಾಯಿಕ್ ಎಂಬ ಬ್ರೌಸರ್ ಮಾಡಿದರು. ಪುಟದೊಳಗೇ ಚಿತ್ರ ಕೂಡಿಸುವ ಗುರುತನ್ನು ಆಂಡ್ರೀಸನ್ ಸೂಚಿಸಿದರು. ಬೇರೆಯವರು ಬೇರೆ ರೀತಿ ಸೂಚಿಸಿದರೂ ಅವರದು ಮೊದಲು ಬಳಕೆಗೆ ಬಂದು ಅದೇ ನಿಂತಿತು. ಮುಂದೆ ನೆಟ್‌ಸ್ಕೇಪ್ ಕಂಪನಿ ಹುಟ್ಟಿತು, 1995ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂತು. ಇಬ್ಬರಿಗೂ ಪೈಪೋಟಿ. ಒಬ್ಬರು ಅಕ್ಷರ ಮಿನುಗುವ ಗುರುತು ತಂದರೆ ಇನ್ನೊಬ್ಬರು ಅಕ್ಷರ ಓಡಾಡುವ ಗುರುತು ತಂದರು. ಒಂದರಲ್ಲಿ ಚೆಂದ ಕಂಡ ಪುಟ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ. ‘ಈ ಪುಟವನ್ನು ಇಂಥ ಬ್ರೌಸರಿನಲ್ಲೇ ನೋಡಿರಿ’ ಎಂದು ಪುಟದ ಕೆಳಗೆ ಬರೆಯುವ ಕಾಲವೊಂದಿತ್ತು.

ಈ ಜಗಳಕ್ಕೆ ಪಂಚರು ಬೇಕಲ್ಲ? 1994ರಲ್ಲಿಯೇ ಬರ್ನರ್ಸ್-ಲೀ ಅವರು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಒಕ್ಕೂಟವನ್ನು ಸ್ಥಾಪಿಸಿದ್ದರು. ನಾವು ಅದನ್ನು ‘ಒಕ್ಕೂಟ’ ಎಂದೇ ಕರೆಯೋಣ. 1997ರ ಜನವರಿಯಲ್ಲಿ ಒಕ್ಕೂಟ ಎಚ್‌ಟಿಎಂಎಲ್ 3.2 ಅನ್ನು ಶಿಫಾರಸು ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ 4.0, 1999ರ ಡಿಸೆಂಬರಿನಲ್ಲಿ 4.01 ಬಂದವು. ಬಣ್ಣ, ಅಳತೆ, ಅಲಂಕಾರಗಳನ್ನು ಸಿಎಸ್‌ಎಸ್ ಎಂಬ ಬೇರೆ ಭಾಷೆಗೆ ಒಪ್ಪಿಸಿ, ಎಚ್‌ಟಿಎಂಎಲ್ ಮಾತ್ರ ‘ಇದು ಏನು’ ಎಂಬುದನ್ನು ಹೇಳಲಿ ಎಂಬ ಹಳೆಯ ವಿಚಾರಕ್ಕೆ ಆಗ ಮತ್ತೆ ಬಲ ಬಂತು.

ಇಲ್ಲಿಂದ ಮುಂದೆ ನಿಜವಾದ ಕವಲುದಾರಿ. ಪುಟ ಬರೆಯುವವರು ಗುರುತನ್ನು ತೆರೆದು ಮುಚ್ಚುವುದನ್ನು ಮರೆಯುತ್ತಿದ್ದರು, ಒಂದರೊಳಗೆ ಇನ್ನೊಂದನ್ನು ಸಿಕ್ಕಿಸುತ್ತಿದ್ದರು. ಬ್ರೌಸರುಗಳು ಎಲ್ಲವನ್ನೂ ಹೇಗೋ ಊಹಿಸಿ ತೋರಿಸುತ್ತಿದ್ದವು. ಪ್ರತಿಯೊಂದರ ಊಹೆ ಬೇರೆ. ಈ ಗೊಂದಲ ಸಾಕು, ಶಿಸ್ತು ಬರಲಿ ಎಂದು ಒಕ್ಕೂಟ ಯೋಚಿಸಿತು. 1998ರಲ್ಲಿ ಎಕ್ಸ್‌ಎಂಎಲ್ ಎಂಬ ಕಟ್ಟುನಿಟ್ಟಿನ ಗುರುತಿನ ಭಾಷೆ ಬಂದಿತ್ತು. ಅದರ ಅಚ್ಚಿನಲ್ಲಿ ಎಚ್‌ಟಿಎಂಎಲ್ ಅನ್ನು ಎರಕ ಹೊಯ್ದು 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ 1.0 ಹೊರಡಿಸಿದರು. ಇದರ ನಿಯಮ ಏನು? ಗುರುತುಗಳೆಲ್ಲ ಸಣ್ಣಕ್ಷರದಲ್ಲೇ ಇರಬೇಕು. ತೆರೆದದ್ದನ್ನೆಲ್ಲ ಮುಚ್ಚಬೇಕು. ಬೆಲೆಗಳನ್ನೆಲ್ಲ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಪುಟವನ್ನು ನಿಜವಾದ ಎಕ್ಸ್‌ಎಂಎಲ್ ಎಂದು ಕಳಿಸಿದರೆ, ಅದರಲ್ಲಿ ತೆರೆದದ್ದನ್ನು ಮುಚ್ಚದಂಥ ಒಂದು ತಪ್ಪಿದ್ದರೂ ಬ್ರೌಸರ್ ಮುಂದೆ ಓದಬಾರದು, ತಪ್ಪಿದೆ ಎಂದು ಹೇಳಿ ನಿಲ್ಲಬೇಕು.

ಕೇಳುಗರೇ, ಬ್ಯಾಂಕಿನಲ್ಲಿ ನಾನು ಎರಡೂ ಬಗೆಯ ಅಧಿಕಾರಿಗಳನ್ನು ಕಂಡಿದ್ದೇನೆ. ಒಬ್ಬರು ಹಣ ತುಂಬುವ ಚೀಟಿಯಲ್ಲಿ ತಾರೀಖು ಬಿಟ್ಟಿದ್ದರೂ ಸಾಲಿನಲ್ಲಿ ನಿಂತ ರೈತನನ್ನು ಹಾಗೇ ಹಿಂದಕ್ಕೆ ಕಳಿಸುವವರು. ಇನ್ನೊಬ್ಬರು “ಬಾರಪ್ಪಾ, ಇಲ್ಲಿ ಕೊಡು” ಎಂದು ತಾವೇ ತುಂಬಿಸಿಕೊಳ್ಳುವವರು. ಮೊದಲನೆಯವರ ಲೆಕ್ಕ ಚೊಕ್ಕ, ಆದರೆ ಜನ ಬ್ಯಾಂಕಿಗೆ ಬರಲು ಹೆದರುತ್ತಾರೆ. ಎರಡನೆಯವರ ಕೌಂಟರಿನಲ್ಲಿ ಜನವೋ ಜನ, ಆದರೆ ಸಂಜೆ ಲೆಕ್ಕ ಕೂಡದೆ ನಾವು ರಾತ್ರಿ ಎಂಟರವರೆಗೆ ಕೂಡಬೇಕು. ಜಾಲಲೋಕದ ಜಗಳವೂ ಇದೇ.

ಎಕ್ಸ್‌ಎಚ್‌ಟಿಎಂಎಲ್‌ಗೆ ಆ ಕಾಲದಲ್ಲಿ ಬಹಳ ಗೌರವ ಇತ್ತು. ಪುಟದ ತಲೆಯ ಮೇಲೆ ಅದರ ಘೋಷಣೆ ಬರೆದುಕೊಳ್ಳುವುದು ಜಾಣತನದ ಲಕ್ಷಣವಾಗಿತ್ತು. ಆದರೆ ಒಳಗಿನ ಗುಟ್ಟು ಬೇರೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಆ ಪುಟವನ್ನು ನಿಜವಾದ ಎಕ್ಸ್‌ಎಂಎಲ್ ಎಂದು ಕಳಿಸಿದರೆ ತೋರಿಸಲು ಬರುತ್ತಿರಲಿಲ್ಲ. ಆ ಶಕ್ತಿ ಅದಕ್ಕೆ ಬಂದದ್ದು 2011ರ ಒಂಬತ್ತನೆಯ ಆವೃತ್ತಿಯಲ್ಲಿ. ಆದ್ದರಿಂದ ಎಲ್ಲರೂ ತಮ್ಮ ಪುಟಗಳನ್ನು ಸಾದಾ ಎಚ್‌ಟಿಎಂಎಲ್ ಎಂದೇ ಕಳಿಸುತ್ತಿದ್ದರು, ಬ್ರೌಸರುಗಳೂ ಸಾದಾ ಎಂದೇ ಓದುತ್ತಿದ್ದವು. ಶಿಸ್ತಿನ ಕೌಂಟರಿನ ಚೀಟಿ ಬರೆದು ಸಡಿಲ ಕೌಂಟರಿನಲ್ಲಿ ಕೊಟ್ಟಂತೆ! ಇದು ಸರಿಯಲ್ಲ ಎಂದು ಇಯಾನ್ ಹಿಕ್ಸನ್ ಎಂಬವರು 2002ರಲ್ಲಿಯೇ ಲೇಖನ ಬರೆದು ಎಚ್ಚರಿಸಿದ್ದರು.

ಒಕ್ಕೂಟ ಮಾತ್ರ ಇನ್ನೂ ಮುಂದೆ ಹೋಗಿ, 2002ರಲ್ಲಿ ಎಕ್ಸ್‌ಎಚ್‌ಟಿಎಂಎಲ್ 2ರ ಕರಡು ತಂದಿತು. ಇದು ಹಳೆಯ ಪುಟಗಳೊಂದಿಗೆ ಹೊಂದಾಣಿಕೆಯ ಹಂಗನ್ನೇ ಬಿಟ್ಟಿತ್ತು. ಊರಲ್ಲಿ ಇರುವ ಮನೆಗಳಿಗೆಲ್ಲ ಬೀಗ ಹಾಕಿ ಹೊಸ ಊರು ಕಟ್ಟೋಣ ಬನ್ನಿರಿ ಎಂದಂತೆ. 2004ರ ಜೂನಿನಲ್ಲಿ ಒಕ್ಕೂಟದ ಕಾರ್ಯಾಗಾರದಲ್ಲಿ ಮೊಜಿಲ್ಲಾ ಮತ್ತು ಒಪೇರಾ ಬ್ರೌಸರಿನವರು, ಇದ್ದ ಎಚ್‌ಟಿಎಂಎಲ್ ಅನ್ನೇ ಬೆಳೆಸೋಣ, ಹಳೆಯ ಪುಟ ಒಂದೂ ಕೆಡಬಾರದು ಎಂದು ಸಲಹೆ ಇಟ್ಟರು. ಮತಕ್ಕೆ ಹಾಕಿದಾಗ ಆ ಸಲಹೆ ಸೋತಿತು. ಕೆಲವೇ ದಿನಗಳಲ್ಲಿ ಮೊಜಿಲ್ಲಾ, ಒಪೇರಾ, ಆಪಲ್ ಕಡೆಯವರು ಸೇರಿ ವಾಟ್‌ವಿಜಿ ಎಂಬ ಬೇರೆ ಮಂಡಳಿ ಮಾಡಿಕೊಂಡರು. ಅದೇ ಹಿಕ್ಸನ್ ಅವರು ಅದರ ಸಂಪಾದಕರಾದರು.

ಎರಡು ವರ್ಷ ಕಳೆಯಿತು. 2006ರ ಅಕ್ಟೋಬರಿನಲ್ಲಿ ಬರ್ನರ್ಸ್-ಲೀ ಅವರೇ, ಇಡೀ ಲೋಕವನ್ನು ಒಮ್ಮೆಲೇ ಎಕ್ಸ್‌ಎಂಎಲ್‌ಗೆ ಒಯ್ಯುವ ಪ್ರಯತ್ನ ಫಲಿಸಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ತಾನು ಸ್ಥಾಪಿಸಿದ ಒಕ್ಕೂಟದ ದಾರಿ ತಪ್ಪಿತೆಂದು ಹೇಳಲು ದೊಡ್ಡ ಮನಸ್ಸು ಬೇಕು. 2007ರಲ್ಲಿ ಒಕ್ಕೂಟವು ಆ ಬೇರೆ ಮಂಡಳಿಯ ಕರಡನ್ನೇ ತನ್ನ ಕೆಲಸದ ಬುನಾದಿಯಾಗಿ ತೆಗೆದುಕೊಂಡಿತು. ಎಕ್ಸ್‌ಎಚ್‌ಟಿಎಂಎಲ್ 2ರ ಸಮಿತಿಯನ್ನು ಮುಂದುವರಿಸುವುದಿಲ್ಲವೆಂದು 2009ರ ಜುಲೈನಲ್ಲಿ ಸಾರಿತು. 2014ರ ಅಕ್ಟೋಬರ್ 28ರಂದು ಎಚ್‌ಟಿಎಂಎಲ್5 ಒಕ್ಕೂಟದ ಅಧಿಕೃತ ಶಿಫಾರಸಾಯಿತು. ಆದರೂ ಎರಡು ಕಡೆ ಎರಡು ಪ್ರತಿ ನಡೆದೇ ಇದ್ದವು. ಕೊನೆಗೆ 2019ರ ಮೇ ತಿಂಗಳಲ್ಲಿ ಒಪ್ಪಂದವಾಗಿ, ವಾಟ್‌ವಿಜಿ ನಡೆಸುವ ಪ್ರತಿಯೊಂದೇ ಮಾನಕ ಎಂದು ತೀರ್ಮಾನವಾಯಿತು. ಅದಕ್ಕೀಗ ಸಂಖ್ಯೆ ಇಲ್ಲ. ಕಾಲಕ್ಕೆ ತಕ್ಕಂತೆ ತಿದ್ದುತ್ತ ಹೋಗುವ ‘ಜೀವಂತ ಮಾನಕ’ ಎನ್ನುತ್ತಾರೆ.

ಹಾಗಾದರೆ ಗೆದ್ದದ್ದು ಸಡಿಲತನವೇ? ನಾನೂ ಮೊದಲು ಹಾಗೆಂದೇ ತಿಳಿದೆ. ಅಳಿಯ ತಿದ್ದಿದ. “ಇಲ್ಲ ಮಾಮಾ, ಸಡಿಲತನಕ್ಕೂ ನಿಯಮ ಬರೆದರು, ಅದೇ ದೊಡ್ಡ ಕೆಲಸ” ಎಂದ. ಪುಟದಲ್ಲಿ ಇಂಥ ತಪ್ಪಿದ್ದರೆ ಬ್ರೌಸರ್ ಹೀಗೆಯೇ ತಿಳಿದುಕೊಳ್ಳಬೇಕು ಎಂದು ಹೊಸ ಮಾನಕದಲ್ಲಿ ಒಂದೊಂದಾಗಿ ಬರೆದಿಟ್ಟಿದ್ದಾರೆ. ಹೀಗಾಗಿ ತಪ್ಪಿರುವ ಪುಟವೂ ಎಲ್ಲ ಬ್ರೌಸರಿನಲ್ಲಿ ಒಂದೇ ರೀತಿ ತೆರೆಯಬೇಕು. ಇದನ್ನು ಕೇಳಿದಾಗ ನನಗೆ ನೆನಪಾದದ್ದು 1881ರ ನಮ್ಮ ಚೆಕ್ಕು ಹುಂಡಿಗಳ ಕಾಯಿದೆಯ 18ನೆಯ ಕಲಮು. ಚೆಕ್ಕಿನಲ್ಲಿ ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು ಮೊತ್ತ ಇದ್ದರೆ ಏನು? ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು ಆ ಕಲಮು ಹೇಳುತ್ತದೆ. ರೂಢಿಯಲ್ಲಿ ಬ್ಯಾಂಕಿನವರು ಅಂಥ ಚೆಕ್ಕನ್ನು ಹಿಂದಿರುಗಿಸುತ್ತಾರೆ, ಅದು ಬೇರೆ ಮಾತು. ಆದರೆ ಮನುಷ್ಯ ತಪ್ಪುತ್ತಾನೆ, ತಪ್ಪಿದಾಗ ಅರ್ಥ ಹೇಗೆ ಮಾಡಬೇಕೆಂದು ಮೊದಲೇ ಬರೆದಿಡಬೇಕು ಎಂಬ ವಿವೇಕ ಕಾಯಿದೆ ಮಾಡಿದವರಿಗೆ ಇತ್ತು. ಜಾಲಲೋಕಕ್ಕೆ ಆ ವಿವೇಕ ಬರಲು ಹಲವು ವರ್ಷಗಳ ಜಗಳ ಬೇಕಾಯಿತು.

ಇನ್ನು ನಮ್ಮ ಕನ್ನಡದ ಮಾತಿಗೆ ಬರುತ್ತೇನೆ. ಸಂಘದ ಸಿ.ಡಿ.ಯನ್ನು ಅಳಿಯ ಪರೀಕ್ಷಿಸಿದ. ಪುಟದ ತಲೆಯ ಮೇಲೆ ಎಕ್ಸ್‌ಎಚ್‌ಟಿಎಂಎಲ್ ಘೋಷಣೆ ಇತ್ತು. “ಮಾಮಾ, ಗುರುತುಗಳು ಕೆಟ್ಟಿಲ್ಲ. ತಲೆಬರಹ ತಲೆಬರಹವಾಗಿಯೇ ಇದೆ, ಪದಗಳ ಸಾಲು ಸಾಲಾಗಿಯೇ ಇವೆ. ಕೆಟ್ಟಿದ್ದು ಅಕ್ಷರ” ಎಂದ. ಅಂದು ಟೈಪು ಮಾಡಿದವರು ಬಳಸಿದ್ದ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂಡಿಸಿತ್ತು. ಯಂತ್ರದ ಮಟ್ಟಿಗೆ ಅದು ಇಂಗ್ಲಿಷೇ, ಮೇಲೆ ಕನ್ನಡದ ಅಂಗಿ ಅಷ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಂಗಿ ಕಳಚಿಬಿತ್ತು.

ಹಾಗೆ ನೋಡಿದರೆ ಲೋಕದ ಎಲ್ಲ ಲಿಪಿಗಳಿಗೂ ಅವುಗಳದೇ ಜಾಗ ಕೊಡುವ ಯೂನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. 1997ರ ಎಚ್‌ಟಿಎಂಎಲ್ 4.0 ಕೂಡ ಆ ಅಕ್ಷರಕೋಷವನ್ನೇ ಒಪ್ಪಿತ್ತು. ಆದರೆ ಒತ್ತಕ್ಷರ, ಕಾಗುಣಿತ ಜೋಡಿಸಿ ತೋರಿಸುವ ಸಾಮರ್ಥ್ಯ ಮನೆಮನೆಯ ಕಂಪ್ಯೂಟರಿಗೆ ಬರಲು ತಡವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಬಂತು. ಅಷ್ಟರಲ್ಲಿ ಹಳೆಯ ರೂಢಿ ಬೇರೂರಿತ್ತು. ಮಾನಕ ಇದ್ದರೆ ಸಾಲದು, ಅದು ಬಡವನ ಯಂತ್ರದವರೆಗೂ ಮುಟ್ಟಬೇಕು ಎಂಬುದಕ್ಕೆ ಇದೇ ಉದಾಹರಣೆ.

ಅಳಿಯ ಆ ಫಾಂಟಿನ ಗುಟ್ಟು ಹಿಡಿದು ಪುಟಗಳನ್ನು ಯೂನಿಕೋಡಿಗೆ ಬದಲಾಯಿಸಿದ. ಬಹುಪಾಲು ಪದ ಮರಳಿ ಬಂದವು. ಅಲ್ಲಲ್ಲಿ ಒತ್ತಕ್ಷರ ಜಾಗ ತಪ್ಪಿದ್ದವು, ಅರ್ಕಾವತ್ತು ಎಲ್ಲೆಲ್ಲೋ ಕೂತಿತ್ತು. ಅದನ್ನು ಯಂತ್ರ ತಿದ್ದಲಾರದು. ಪದ ಹೇಳಿದ್ದ ಒಬ್ಬ ಅಜ್ಜಿಯ ಸೊಸೆ ನಮ್ಮೂರಿನಲ್ಲೇ ಇದ್ದಾರೆ. ಅವರ ಮುಂದೆ ಒಂದೊಂದೇ ಸಾಲು ಓದಿದೆವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತಪ್ಪಿದ ಕಡೆ “ಹಾಂಗಲ್ಲರಿ ಅಣ್ಣಾರ, ನಮ್ಮತ್ತಿ ಹೀಂಗ ಹಾಡತಿದ್ದರು” ಎಂದು ತಾವೇ ಹಾಡಿ ತೋರಿಸಿದರು. ಹಾಡುತ್ತ ಹಾಡುತ್ತ ವಹಿಯಲ್ಲಿ ಇಲ್ಲದ ಎರಡು ನುಡಿಗಳೂ ಅವರ ಬಾಯಿಂದ ಬಂದವು. ಆದರೆ ಅತ್ತೆಯ ದನಿಯನ್ನು ಅಂದು ಯಾವುದೋ ಖಾಸಗಿ ತಂತ್ರಾಂಶದ ಡಬ್ಬಿಯೊಳಗೆ ಇಟ್ಟಿದ್ದರು. ಅದು ಇನ್ನೂ ತೆರೆದಿಲ್ಲ.

ಈಗ ಸಂಘದವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು. ಎಲ್ಲರಿಗೂ ತೆರೆದ ಇಂದಿನ ಎಚ್‌ಟಿಎಂಎಲ್ ಮಾನಕದಲ್ಲೇ ಬರೆಯಿಸಿರಿ. ಬ್ರೌಸರ್ ತಪ್ಪನ್ನು ಸಹಿಸುತ್ತದೆಂದು ನೀವು ತಪ್ಪು ಮಾಡಬೇಡಿರಿ, ತೆರೆದ ಗುರುತನ್ನು ಮುಚ್ಚಿರಿ. ಅಕ್ಷರ ಯೂನಿಕೋಡಿನಲ್ಲೇ ಇರಲಿ. ಹಾಡಿನ ದನಿಯನ್ನೂ ಯಾವ ಬ್ರೌಸರಾದರೂ ತಾನಾಗಿ ನುಡಿಸುವ ರೂಪದಲ್ಲಿ ಇಡಿರಿ, ಅದಕ್ಕೆಂದೇ ಎಚ್‌ಟಿಎಂಎಲ್5ರಲ್ಲಿ ಗುರುತಿದೆ. ಇನ್ನೊಂದು ಮಾತು ನಮ್ಮಂಥ ಎರಡು ಭಾಷೆಯ ಊರಿನವರಿಗಾಗಿ. ಪುಟದ ಯಾವ ಭಾಗ ಯಾವ ಭಾಷೆಯದು ಎಂದು ಹೇಳುವ ಗುರುತು 1997ರ ಎಚ್‌ಟಿಎಂಎಲ್ 4.0ರಿಂದಲೂ ಇದೆ. ಮರಾಠಿ ವಿವರಣೆಯ ನಡುವೆ ಕನ್ನಡ ಪದ ಬಂದರೆ ಅದಕ್ಕೆ ಕನ್ನಡದ ಗುರುತು ಹಾಕಿರಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಆ ಗುರುತು ನೋಡಿಯೇ ಭಾಷೆ ಬದಲಿಸಿಕೊಳ್ಳುತ್ತದೆ. ಗಡಿಯ ಊರಿನ ಬಾಳನ್ನು ಒಂದೇ ಪುಟದಲ್ಲಿ, ಎರಡೂ ಭಾಷೆಗೆ ನ್ಯಾಯ ಮಾಡಿ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಯಾವುದು?

ಜಗತ್ತಿನ ಮೊದಲ ಜಾಲತಾಣದ 1992ರ ಪ್ರತಿಯೊಂದನ್ನು ಸರ್ನ್ ಸಂಸ್ಥೆ 2013ರಲ್ಲಿ ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ಇಟ್ಟಿತು. ನನ್ನ ಮೊಬೈಲಿನಲ್ಲಿ ಅದನ್ನು ತೆರೆದು ನೋಡಿದೆ. ಸಾದಾ ಅಕ್ಷರ, ಅಲಂಕಾರವಿಲ್ಲ, ಚಿತ್ರವಿಲ್ಲ. ಆದರೆ ಒಂದು ಅಕ್ಷರವೂ ಕೆಟ್ಟಿಲ್ಲ. ನಮ್ಮ ಸಿ.ಡಿ. ಅದಕ್ಕಿಂತ ಎಷ್ಟೋ ವರ್ಷ ಕಿರಿಯದು, ಆದರೂ ಅದನ್ನು ಮೋಡಿ ಕಾಗದದಂತೆ ಬಲ್ಲವರನ್ನು ಹುಡುಕಿ ಓದಿಸಬೇಕಾಯಿತು.

ತಮ್ಮ ಊರಿನ ಸಂಘದಲ್ಲಿ, ಶಾಲೆಯಲ್ಲಿ, ಗುಡಿಯಲ್ಲಿ ಇಂಥ ಹಳೆಯ ಸಿ.ಡಿ., ಹಳೆಯ ಫೈಲುಗಳು ಇದ್ದರೆ ಈ ವಾರವೇ ತೆಗೆದು ನೋಡಿರಿ. ಓದಿ ತಿದ್ದಬಲ್ಲ ಹಿರಿಯರು ಇನ್ನೂ ಮನೆಯಲ್ಲಿರುವಾಗಲೇ ಆ ಕೆಲಸ ಆಗಲಿ.